ಕರಾವಳಿಯವರು ಮೊದಲ ಬಾರಿ ಹಿಮಾಲಯ ಏರುವಾಗ

ಕುದುರೆಮುಖವನ್ನೋ ಕೊಡಚಾದ್ರಿಯನ್ನೋ ನಾಲ್ಕಾರು ಬಾರಿ ಹತ್ತಿಳಿದ ನಮ್ಮ ಕಡೆಯವರಿಗೆ, ಹಿಮಾಲಯದ ಚಾರಣವೆಂದರೆ ಅದೇ ಕೆಲಸವನ್ನು ಚಳಿಯಲ್ಲಿ ಮಾಡುವುದು ಎಂಬ ಕಲ್ಪನೆ ಇರುತ್ತದೆ. ಉಡುಪಿಯಿಂದ ಮೊದಲ ಬಾರಿ ಹೊರಟಾಗ ನನಗೂ ಹಾಗೆಯೇ ಇತ್ತು. ಕುದುರೆಮುಖದ ಎತ್ತರ 1,894 ಮೀಟರ್. ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿಯದು 1,930 ಮೀಟರ್. ಉತ್ತರಾಖಂಡದ ಕೇದಾರಕಂಠಕ್ಕೆ ಹೊರಡುವವರು ಮೊದಲ ರಾತ್ರಿ ತಂಗುವ ಸಾಂಕ್ರಿ ಎಂಬ ಹಳ್ಳಿಯೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ನಮ್ಮಲ್ಲಿ ಶಿಖರ ಮುಗಿಯುವ ಎತ್ತರದಲ್ಲಿ ಅಲ್ಲಿ ದಾರಿ ಆರಂಭವಾಗುತ್ತದೆ. ಆದ್ದರಿಂದ ಘಟ್ಟದ ಅನುಭವ ಕಾಲಿಗೆ ಉಪಕಾರವಾದೀತೇ ಹೊರತು, ಅಲ್ಲಿ ನಿಜವಾಗಿ ಕಾಡುವ ವಿಷಯದ ಪರಿಚಯವನ್ನು ಅದು ಮಾಡಿಸುವುದಿಲ್ಲ.

ಆ ವಿಷಯವೆಂದರೆ ಗಾಳಿ. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಮಲ್ಪೆಯ ಕಡಲ ತೀರದಲ್ಲೂ ಎವರೆಸ್ಟ್ ತುದಿಯಲ್ಲೂ ಆ ಪಾಲು ಸುಮಾರು ಶೇಕಡ 21. ಕಡಿಮೆಯಾಗುವುದು ಗಾಳಿಯ ಒತ್ತಡ, ಆದ್ದರಿಂದ ಪ್ರತಿ ಉಸಿರಿನಲ್ಲಿ ಒಳಗೆ ಸೇರುವ ಆಮ್ಲಜನಕದ ಪ್ರಮಾಣ. 3,810 ಮೀಟರ್ ಎತ್ತರದ ಕೇದಾರಕಂಠದ ಮೇಲೆ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಭಾಗಕ್ಕಿಂತಲೂ ತುಸು ಕಡಿಮೆ ಇರುತ್ತದೆ. 5,500 ಮೀಟರಿನ ಹೊತ್ತಿಗೆ ಅದು ಅರ್ಧಕ್ಕೆ ಇಳಿಯುತ್ತದೆ. ಈ ಕೊರತೆಗೆ ಶರೀರ ಒಗ್ಗಿಕೊಳ್ಳಬಲ್ಲದು: ಉಸಿರಾಟ ಚುರುಕಾಗುತ್ತದೆ, ಮೂತ್ರ ಹೆಚ್ಚಾಗುತ್ತದೆ, ನಿಧಾನವಾಗಿ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚುತ್ತವೆ. ಆದರೆ ಇದಕ್ಕೆ ದಿನಗಳು ಬೇಕು, ಮತ್ತು ಆ ದಿನಗಳನ್ನು ಪೂರ್ತಿಯಾಗಿ ಉಳಿಸುವ ಉಪಾಯ ಯಾವುದೂ ಇಲ್ಲ.

ಆದ್ದರಿಂದ ಚಾರಣವನ್ನು ಆಯ್ಕೆ ಮಾಡುವಾಗ ಚಿತ್ರಗಳಿಗಿಂತ ಮೊದಲು ದಿನಚರಿಯನ್ನು ನೋಡಿ, ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. 3,000 ಮೀಟರ್ ದಾಟಿದ ಮೇಲೆ, ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಾಗಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲಲ್ಲಿ ಮೇಲೆ ಹತ್ತಿ, ಮಲಗಲು ಕೆಳಗಿಳಿದರೆ ತೊಂದರೆಯಿಲ್ಲ, ಅದು ಒಳ್ಳೆಯದೇ. ವಿಮಾನದಲ್ಲಿ ನೇರವಾಗಿ ಸುಮಾರು 3,500 ಮೀಟರ್ ಎತ್ತರದ ಲೇಹ್‌ಗೆ ಇಳಿಯುವವರು ಮೊದಲ ಎರಡು ದಿನ ಕೋಣೆ ಮತ್ತು ಪೇಟೆಬೀದಿ ಬಿಟ್ಟು ಬೇರೆ ಯೋಜನೆ ಇಟ್ಟುಕೊಳ್ಳದಿರುವುದು ಲೇಸು. ರಜೆ ಕಡಿಮೆಯೆಂದು ಒಂದು ದಿನ ಕತ್ತರಿಸಿದ ದಿನಚರಿಯನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ, ಅವರು ಕತ್ತರಿಸಿರುವುದು ಬಹುತೇಕ ಈ ವಿಶ್ರಾಂತಿಯ ದಿನವನ್ನೇ.

ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ನಂತರ, ಹೊಸ ಎತ್ತರಕ್ಕೆ ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆಯೆತ್ತುತ್ತದೆ. ತಲೆನೋವು ಮುಖ್ಯ ಲಕ್ಷಣ; ಅದರೊಂದಿಗೆ ವಾಕರಿಕೆ, ಊಟ ಸೇರದಿರುವುದು, ಸುಸ್ತು, ತಲೆ ತಿರುಗುವುದು ಬರಬಹುದು. ಗಟ್ಟಿಮುಟ್ಟಾದವರಿಗೆ ಇದು ಬರುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಹಿಮಾಚಲದ ಹಂಪ್ಟಾ ಪಾಸ್‌ಗೆ ಹೋಗಿದ್ದ ನಮ್ಮ ತಂಡದಲ್ಲಿ ಬೆಳ್ತಂಗಡಿ ಕಡೆಯ ಒಬ್ಬ ಯುವಕನಿದ್ದ. ಗಡಾಯಿಕಲ್ಲು ಬೆಟ್ಟದ ಮೆಟ್ಟಿಲುಗಳನ್ನು ಎಲ್ಲೂ ಕೂರದೆ ಹತ್ತುವವನು. ಸುಮಾರು 3,600 ಮೀಟರ್ ಎತ್ತರದ ಬಾಲೂ ಕಾ ಘೇರಾ ಶಿಬಿರಕ್ಕೂ ಎಲ್ಲರಿಗಿಂತ ಮೊದಲೇ ತಲುಪಿದ್ದ. ಸಂಜೆ ತಟ್ಟೆಯ ಮುಂದೆ ಕುಳಿತವನು ಚಮಚದಿಂದ ಬೇಳೆಯನ್ನು ಸುಮ್ಮನೆ ಅತ್ತಿತ್ತ ಸರಿಸುತ್ತಿದ್ದ. ಏನೆಂದು ಕೇಳಿದರೆ, “ಏನಿಲ್ಲ ಮಾರಾಯ್ರೆ, ಸ್ವಲ್ಪ ಗ್ಯಾಸ್ಟ್ರಿಕ್ ಅಷ್ಟೇ” ಎಂದ. ನಮ್ಮೂರಲ್ಲಿ ಎದೆನೋವಿನಿಂದ ಹಿಡಿದು ಬೇಸರದವರೆಗೆ ಎಲ್ಲಕ್ಕೂ ಗ್ಯಾಸ್ಟ್ರಿಕ್ ಎನ್ನುವ ರೂಢಿಯಿದೆಯಷ್ಟೆ. ಹಿಮಾಲಯದಲ್ಲಿ ಈ ರೂಢಿ ಅಪಾಯಕಾರಿ. ಮಾರ್ಗದರ್ಶಕ ಅವನ ಮಾತನ್ನು ಲೆಕ್ಕಿಸದೆ ಎಬ್ಬಿಸಿ ನಿಲ್ಲಿಸಿ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳುಗಳಿಗೆ ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲು ಹೇಳಿದರು. ಅವನು ತೂರಾಡಲಿಲ್ಲ, ಆದರೆ ತಲೆನೋವು ಮಧ್ಯಾಹ್ನದಿಂದಲೇ ಇತ್ತೆಂದು ಆಗ ಒಪ್ಪಿಕೊಂಡ. ಬೆಳಿಗ್ಗೆಗೂ ಅದು ಇಳಿಯದಿದ್ದುದರಿಂದ ಒಬ್ಬ ಸಹಾಯಕನೊಂದಿಗೆ ಅವನನ್ನು ಕೆಳಗೆ ಕಳುಹಿಸಲಾಯಿತು. ಒಂದೆರಡು ಗಂಟೆ ಇಳಿಯುವಷ್ಟರಲ್ಲಿ ಹಸಿವಾಯಿತಂತೆ.

ಲಘುವಾದ ತಲೆನೋವು ಬಂದರೆ ಮಾಡಬೇಕಾದದ್ದು ಇಷ್ಟು: ಅದೇ ದಿನ ತಂಡದ ಮುಖಂಡರಿಗೆ ತಿಳಿಸುವುದು, ನೀರು ಕುಡಿದು ವಿಶ್ರಮಿಸುವುದು, ಕಡಿಮೆಯಾಗುವವರೆಗೆ ಮೇಲೆ ಹೋಗದಿರುವುದು. ಹೆಚ್ಚಾದರೆ ಇಳಿಯುವುದು. ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ, ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಮೆದುಳಿನಲ್ಲಿ ನೀರು ಸೇರುತ್ತಿರಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ ಕಂಡರೆ ಶ್ವಾಸಕೋಶದಲ್ಲಿ. ಇವೆರಡೂ ಪ್ರಾಣಾಂತಿಕ. ಇಂಥವರನ್ನು ಬೆಳಗಾಗಲಿ ಎಂದು ಕಾಯದೆ, ರಾತ್ರಿಯಾದರೂ ಜೊತೆಗಿದ್ದು ಕೆಳಗಿಳಿಸಬೇಕು. ಆಮ್ಲಜನಕದ ಸಿಲಿಂಡರ್, ಔಷಧಿ ಎಲ್ಲ ಇಳಿಯುವವರೆಗಿನ ಆಸರೆಯೇ ಹೊರತು ಇಳಿಯುವುದಕ್ಕೆ ಬದಲಿಯಲ್ಲ.

ಡೈಮಾಕ್ಸ್ ಎಂಬ ಹೆಸರಿನಲ್ಲಿ ದೊರೆಯುವ ಅಸಿಟಜೋಲಮೈಡ್ ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಮುನ್ನೆಚ್ಚರಿಕೆಗಾಗಿ ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಮಿನಂತೆ ದಿನಕ್ಕೆ ಎರಡು ಬಾರಿ, ಎತ್ತರಕ್ಕೆ ಹೊರಡುವ ಹಿಂದಿನ ದಿನದಿಂದ ಕೊಡುತ್ತಾರೆ. ಅದು ತಲೆನೋವನ್ನು ಮುಚ್ಚಿಡುವ ಮಾತ್ರೆಯಲ್ಲ, ಉಸಿರಾಟವನ್ನು ಹೆಚ್ಚಿಸಿ ಒಗ್ಗಿಕೊಳ್ಳುವುದನ್ನೇ ಚುರುಕಾಗಿಸುವಂಥದ್ದು. ಬೆರಳ ತುದಿ ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದರ ಸಾಮಾನ್ಯ ಪರಿಣಾಮಗಳು. ಸಲ್ಫಾ ಔಷಧಿಗಳ ಅಲರ್ಜಿಯುಳ್ಳವರು, ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರಿಗೆ ಅದನ್ನು ಹೇಳಲೇಬೇಕು. ಉಳಿದವರೂ ಊರಿನಲ್ಲಿರುವಾಗಲೇ ವೈದ್ಯರನ್ನು ಕಂಡು ಬರುವುದು ಸರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಆಸ್ತಮಾ ಇದ್ದರಂತೂ ಮುಂಗಡ ಹಣ ಕಟ್ಟುವ ಮೊದಲೇ ಈ ಭೇಟಿ ಆಗಿರಬೇಕು. ನಿದ್ದೆಮಾತ್ರೆ ಮತ್ತು ಮದ್ಯ ಉಸಿರಾಟವನ್ನು ಮಂದಗೊಳಿಸುವುದರಿಂದ ಎರಡೂ ಬೇಡ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ನಲ್ಲಿ ಊರಿನಲ್ಲಿ 98 ತೋರಿಸುತ್ತಿದ್ದದ್ದು ಮೇಲಿನ ಶಿಬಿರದಲ್ಲಿ 86 ತೋರಿಸಿದರೆ ಗಾಬರಿ ಬೇಕಿಲ್ಲ, ಅಲ್ಲಿ ಅದು ಸಾಮಾನ್ಯ. ಅಂಕಿಗಿಂತ ಮನುಷ್ಯ ಹೇಗಿದ್ದಾನೆ ಎಂಬುದನ್ನೇ ನೋಡಬೇಕು. ರಾತ್ರಿ ನಿದ್ದೆ ತುಂಡುತುಂಡಾಗುವುದೂ, ಉಸಿರು ಕೆಲವು ಕ್ಷಣ ನಿಂತಂತಾಗಿ ಫಕ್ಕನೆ ಎಚ್ಚರವಾಗುವುದೂ ಅಲ್ಲಿ ಬಹಳ ಮಂದಿಗೆ ಆಗುವಂಥದ್ದು.

ತಯಾರಿಗೆ ಎರಡು ಮೂರು ತಿಂಗಳು ಬೇಕು. ಮಳೆಗಾಲದಲ್ಲಿ ನಮ್ಮ ಕಾಡಿನ ದಾರಿಗಳು ಮುಚ್ಚಿರುತ್ತವೆ ಅಥವಾ ಜಿಗಣೆಗಳಿಂದ ತುಂಬಿರುತ್ತವೆ. ಆಗ ಬಹುಮಹಡಿ ಕಟ್ಟಡದ ಮೆಟ್ಟಿಲುಗಳಿಗಿಂತ ಒಳ್ಳೆಯ ಸಾಧನವಿಲ್ಲ. ಬೆನ್ನಚೀಲದಲ್ಲಿ ಐದಾರು ಕಿಲೋ ಅಕ್ಕಿ ಹಾಕಿಕೊಂಡು ಹತ್ತಿ ಇಳಿಯಿರಿ. ಇಳಿಯುವುದನ್ನು ಲಿಫ್ಟಿಗೆ ಬಿಡಬೇಡಿ, ಏಕೆಂದರೆ ಮೊಣಕಾಲು ನೋಯುವುದು ಇಳಿಯುವಾಗಲೇ.

ಬಟ್ಟೆಯ ವಿಷಯದಲ್ಲಿ ನಮ್ಮ ಅಭ್ಯಾಸಗಳೆಲ್ಲ ತಿರುಗುಮುರುಗಾಗಬೇಕು. ಇಲ್ಲಿಯ ಸೆಖೆಗೆ ಹತ್ತಿಬಟ್ಟೆಯೇ ಸರಿ. ಅಲ್ಲಿ ಬೆವರಿನಿಂದ ಒದ್ದೆಯಾದ ಹತ್ತಿಯ ಬನಿಯನ್ ನಿಂತ ಕೂಡಲೇ ಮೈಯ ಶಾಖವನ್ನೆಲ್ಲ ಹೀರುತ್ತದೆ. ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ತಾಪಮಾನ ಇಳಿಯುತ್ತದೆ, ಚಳಿಗಾಲದ ಕೇದಾರಕಂಠದಲ್ಲಿ ರಾತ್ರಿ ಸೊನ್ನೆಗಿಂತ ಸಾಕಷ್ಟು ಕೆಳಗಿರುತ್ತದೆ. ಒಂದು ದಪ್ಪ ಸ್ವೆಟರಿಗಿಂತ ಪದರಗಳು ಮೇಲು: ಮೈಗೆ ತಾಗುವಂತೆ ಬೇಗ ಒಣಗುವ ಸಿಂಥೆಟಿಕ್ ಅಥವಾ ಉಣ್ಣೆಯ ಬಟ್ಟೆ, ಅದರ ಮೇಲೆ ಫ್ಲೀಸ್ ಎಂಬ ಹಗುರವಾದ ಬೆಚ್ಚನೆಯ ಅಂಗಿ, ಆಮೇಲೆ ತುಪ್ಪುಳು ತುಂಬಿದ ಜಾಕೆಟ್, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ಹೊದಿಕೆ. ನಡೆಯುವಾಗ ತುಸು ಚಳಿಯೆನಿಸುವಷ್ಟೇ ಹಾಕಿಕೊಳ್ಳಿ, ನಿಂತ ತಕ್ಷಣ ಜಾಕೆಟ್ ಏರಿಸಿ. ಹಿಮದ ಮೇಲೆ ನಡೆಯುವ ದಿನ ಕಪ್ಪು ಕನ್ನಡಕ ಮರೆಯಬಾರದು. ಹಿಮದಿಂದ ಪ್ರತಿಫಲಿಸುವ ನೇರಳಾತೀತ ಕಿರಣಗಳು ಕೆಲವೇ ಗಂಟೆಗಳಲ್ಲಿ ಕಣ್ಣನ್ನು ಸುಡಬಲ್ಲವು. ಒಡೆದ ತುಟಿಗೆಂದು ನಾನು ಒಯ್ದ ತೆಂಗಿನೆಣ್ಣೆ ಸಾಂಕ್ರಿಯಲ್ಲೇ ಶೀಷೆಯೊಳಗೆ ಬಿಳಿಯ ಕಲ್ಲಾಗಿತ್ತು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದೇ. ವ್ಯಾಸಲೀನ್ ಒಯ್ಯಿರಿ. ಮೊಬೈಲ್, ಪವರ್ ಬ್ಯಾಂಕ್ ಮತ್ತು ಟಾರ್ಚಿನ ಸೆಲ್ಲುಗಳನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳದಿದ್ದರೆ ಬೆಳಿಗ್ಗೆಗೆ ಖಾಲಿಯಾದಂತೆ ಕಾಣುತ್ತವೆ.

ನೀರಿನ ಬಗ್ಗೆ ಒಂದು ಮಾತು. ಮಂಗಳೂರಿನಲ್ಲಿ ಬೆವರು ಕಾಣುತ್ತದೆ, ಅಂಗಿ ಅಂಟುತ್ತದೆ, ಬಾಯಾರಿಕೆ ತಾನಾಗಿ ಹೇಳಿಕೊಳ್ಳುತ್ತದೆ. ಅಲ್ಲಿಯ ಒಣಗಾಳಿಯಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗುವುದರಿಂದ, ಉಸಿರಿನ ಮೂಲಕವೂ ತೇವ ಹೊರಹೋಗುವುದರಿಂದ, ನೀರು ಕಳೆದುಕೊಂಡದ್ದು ತಿಳಿಯುವುದೇ ಇಲ್ಲ. ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ದ್ರವವನ್ನು ಸ್ವಲ್ಪಸ್ವಲ್ಪವಾಗಿ, ಸೂಪು, ಚಹಾ, ಓಆರ್‌ಎಸ್ ಸೇರಿಸಿ ಕುಡಿಯಬೇಕು. ಮೂತ್ರ ತಿಳಿಯಾಗಿದ್ದರೆ ಸಾಕಷ್ಟಾಗಿದೆ ಎಂದರ್ಥ, ಅದಕ್ಕೂ ಮೀರಿ ಬಲವಂತವಾಗಿ ಕುಡಿಯಬೇಕಿಲ್ಲ. ಊಟ ಸೇರುವುದಿಲ್ಲ, ಆದರೂ ಉಣ್ಣಬೇಕು. 4,000 ಮೀಟರ್ ಎತ್ತರದಲ್ಲಿ ನೀರು 86–87 ಡಿಗ್ರಿಗೇ ಕುದಿಯುವುದರಿಂದ ಪಾತ್ರೆಯಲ್ಲಿ ಅಕ್ಕಿ ಸರಿಯಾಗಿ ಬೇಯುವುದಿಲ್ಲ, ಅಡುಗೆಯವರು ಕುಕ್ಕರನ್ನೇ ನೆಚ್ಚಿರುತ್ತಾರೆ. ನಮ್ಮ ಕುಚ್ಚಲಕ್ಕಿಯ ಆಸೆಯನ್ನು ಬಿಡಬೇಕು. ಆದರೆ ಒಂದು ಸಣ್ಣ ಡಬ್ಬಿ ಮಿಡಿ ಉಪ್ಪಿನಕಾಯಿ, ಬೆಲ್ಲ, ಹುರಿದ ನೆಲಗಡಲೆ ಇದ್ದರೆ, ನಾಲಿಗೆ ಸತ್ತ ಮೂರನೆಯ ದಿನ ಅದರ ಬೆಲೆ ತಿಳಿಯುತ್ತದೆ.

ದಿನಕ್ಕೆರಡು ಬಾರಿ ಮೀಯುವ ನಮ್ಮವರಿಗೆ ಐದು ದಿನ ಸ್ನಾನವಿಲ್ಲ ಎಂಬುದು ಕೇಳುವಾಗ ಕಷ್ಟ, ಅಲ್ಲಿ ಅಷ್ಟೇನೂ ಅಲ್ಲ. ನೀರನ್ನು ಮುಟ್ಟಿದರೆ ಅಭಿಪ್ರಾಯ ಬದಲಾಗುತ್ತದೆ. ಶೌಚಕ್ಕೆ ಗುಂಡಿ ತೋಡಿದ ಟೆಂಟ್ ಇರುತ್ತದೆ, ಮಣ್ಣು ಮುಚ್ಚಬೇಕು. ಒದ್ದೆ ಟಿಶ್ಯೂಗಳು ಕರಗುವುದಿಲ್ಲವಾದ್ದರಿಂದ ಚೀಲದಲ್ಲಿ ಕಟ್ಟಿ ವಾಪಸು ತರಬೇಕು.

ಶಿಖರದ ದಿನ ಬೆಳಗಿನ ಜಾವ ಮೂರರ ಹೊತ್ತಿಗೆ ಹೊರಡುತ್ತಾರೆ. ಬಿಸಿಲೇರಿದರೆ ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ, ಮಧ್ಯಾಹ್ನದ ಬಳಿಕ ಮೋಡ ಕವಿಯುವ ಸಂಭವ ಹೆಚ್ಚು. ಕತ್ತಲಲ್ಲಿ ಮುಂದಿನವರ ಹಿಮ್ಮಡಿಯಷ್ಟೇ ಕಾಣುತ್ತಿರುವಾಗ ಸರಿಯಾದ ವೇಗ ಯಾವುದೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ: ನಡೆಯುತ್ತಲೇ ಒಂದು ಪೂರ್ಣ ವಾಕ್ಯ ಮಾತಾಡಲು ಆಗುತ್ತಿರಬೇಕು. ಆಗದಿದ್ದರೆ ಹೆಜ್ಜೆಯನ್ನು ಇನ್ನೂ ಚಿಕ್ಕದಾಗಿಸಿ. ಓಡಿ, ನಿಂತು, ಮತ್ತೆ ಓಡುವವರು ಮಧ್ಯದಲ್ಲೇ ಬಸವಳಿಯುತ್ತಾರೆ. ಇಷ್ಟು ಹೊತ್ತಿಗೆ ತುದಿ ತಲುಪದಿದ್ದರೆ ಹಿಂದಿರುಗುವುದು ಎಂದು ಮಾರ್ಗದರ್ಶಕರು ಹೇಳಿದ ಸಮಯವನ್ನು ಚೌಕಾಸಿ ಮಾಡಬಾರದು.

ಇನ್ನು ಬೂಟು. ಹೊಸದಾದರೆ ಕನಿಷ್ಠ ಒಂದು ತಿಂಗಳು ಹಾಕಿ ನಡೆದು ಪಳಗಿಸಿ. ಹಳೆಯದಾದರೆ ಹೊರಡುವ ಮೊದಲು ಅಟ್ಟೆಯನ್ನು ಎರಡೂ ಕೈಯಿಂದ ಬಗ್ಗಿಸಿ ನೋಡಿ. ನಮ್ಮ ಕರಾವಳಿಯ ಮಳೆಗಾಲ ಬೂಟಿನ ಮೇಲೆ ಬೂಷ್ಟು ಬೆಳೆಸುವುದಷ್ಟೇ ಅಲ್ಲ, ಒಳಗಿನ ಅಂಟನ್ನೂ ತಿನ್ನುತ್ತದೆ. ಒಂದು ಮಳೆಗಾಲವಿಡೀ ಅಟ್ಟದಲ್ಲಿ ಬಿದ್ದಿದ್ದ ನನ್ನ ಬೂಟು ಹಂಪ್ಟಾದ ಎರಡನೆಯ ದಿನ, ತೊರೆ ದಾಟಿದ ಮೇಲೆ, ಬುಟ್ಟಿಯಲ್ಲಿನ ಬಂಗುಡೆಯಂತೆ ಬಾಯಿ ತೆರೆಯಿತು. ಅಡುಗೆಯವನು ಟೆಂಟಿನ ಹಗ್ಗದಿಂದ ಸುತ್ತಿ ಕಟ್ಟಿಕೊಟ್ಟ ಮೇಲೆ ಉಳಿದ ದಾರಿ ಸಾಗಿತು. ಈಗ ಮನೆಗೆ ಮರಳಿದೊಡನೆ ತೊಳೆದು, ನೆರಳಲ್ಲಿ ಒಣಗಿಸಿ, ಒಳಗೆ ಹಳೆಯ ಪತ್ರಿಕೆ ತುರುಕಿ, ಗಾಳಿಯಾಡುವ ಕಡೆ ಇಡುತ್ತೇನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆಯಾದರೂ ಹಾಕಿಕೊಂಡು ಮೆಟ್ಟಿಲು ಹತ್ತುತ್ತೇನೆ.