ತೋಟದ ನಾಯಿಗೆ ವಿಷವಾಗುವ ನಮ್ಮ ಊಟ

ಕೊಡಗಿನ ತೋಟದಲ್ಲಿ ನಾಯಿ ಒಂದೇ ಮನೆಯ ಅನ್ನ ತಿನ್ನುವುದಿಲ್ಲ. ಬೆಳಗ್ಗೆ ನಮ್ಮ ಅಡುಗೆಮನೆಯ ಬಾಗಿಲು, ಮಧ್ಯಾಹ್ನ ತೋಟದ ಕೆಲಸಗಾರರು ಇರುವ ಲೈನ್ ಮನೆಗಳ ಅಂಗಳ, ಸಂಜೆ ಹೋಂಸ್ಟೇ ಅತಿಥಿಗಳ ಕಾಲಬುಡ. ಹಾಗಾಗಿ ಏನು ಕೊಡಬಾರದು ಎಂಬುದನ್ನು ನಾನು ಸುತ್ತಲಿನ ಎಲ್ಲರಿಗೂ ತಿಳಿಸಿ ಹೇಳಬೇಕಾಯಿತು.

ಹೆಚ್ಚು ವಾದ ನಡೆದದ್ದು ಪಂದಿ ಕರಿಯ, ಅಂದರೆ ನಮ್ಮ ಹಂದಿ ಮಾಂಸದ ಸಾರಿನ, ವಿಷಯದಲ್ಲಿ. ನಾಯಿಗೆ ಮಾಂಸ ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ಮಾಂಸ ಬೇಕು, ಬೇಡವಾದದ್ದು ಮಸಾಲೆಯಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ನಾಯಿಯ ಪ್ರತಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ರಕ್ತ ಕೆಡಬಹುದು. ಲಕ್ಷಣಗಳು ಕೆಲವು ದಿನ ಕಳೆದ ಮೇಲೆ ಕಾಣುವುದೇ ದೊಡ್ಡ ಕಷ್ಟ: ವಸಡು ಬಿಳಿಚುತ್ತದೆ, ಮೂತ್ರ ಕಂದಾಗುತ್ತದೆ, ಆಗ ಯಾವ ಊಟದಿಂದ ಎಂದು ಯಾರಿಗೂ ನೆನಪಿರುವುದಿಲ್ಲ. ನಾನು ಮಸಾಲೆ ಬೀಳುವ ಮೊದಲೇ ಒಂದು ಹಿಡಿ ಮಾಂಸ ತೆಗೆದು ಬೇರೆ ಪಾತ್ರೆಯಲ್ಲಿ ಬೇಯಿಸಿ ಅನ್ನಕ್ಕೆ ಕಲಸುತ್ತೇನೆ. ಲೈನ್ ಮನೆಯ ಅಕ್ಕಂದಿರು ಈಗ ಸಾರು ಸೋಕದ ಅನ್ನವನ್ನೇ ಹಾಕುತ್ತಾರೆ.

ಕಾಫಿಯ ಬಗ್ಗೆ ನಮ್ಮೂರಿನಲ್ಲಿ ಯಾರೂ ಯೋಚಿಸುವುದಿಲ್ಲ. ರೊಬಸ್ಟಾ ತಳಿಯ ಕಾಫಿ ಬೀಜದಲ್ಲಿ ಕೆಫೀನ್ ಶೇಕಡ 2ರ ಆಸುಪಾಸು. ಅರೇಬಿಕಾ ತಳಿಯಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು. ಹತ್ತು ಕಿಲೋ ತೂಗುವ ನಾಯಿ ಹತ್ತು ಗ್ರಾಂ ರೊಬಸ್ಟಾ ಬೀಜ ಅಗಿದು ನುಂಗಿದರೆ ಚಡಪಡಿಕೆ, ವಾಂತಿ ಶುರುವಾಗಬಹುದು. ಇನ್ನೂ ಹೆಚ್ಚಾದರೆ ಎದೆಬಡಿತ ತಪ್ಪಿ ಸೆಳೆತ ಬರುತ್ತದೆ. ಸಿಕ್ಕಿದ್ದನ್ನೆಲ್ಲ ಅಗಿಯುವ ಮರಿಗಳನ್ನು ಕೊಯ್ಲಿನ ಕಾಲದಲ್ಲಿ ಕಣದ ಹತ್ತಿರ ಬಿಡುವುದೇ ಇಲ್ಲ.

ಮನೆಯಲ್ಲೇ ವೈನ್ ಮಾಡುವವರು ಸೋಸಿ ಉಳಿದ ದ್ರಾಕ್ಷಿ ಚರಟವನ್ನು ಗೊಬ್ಬರದ ಗುಂಡಿಗೆ ಸುರಿಯುತ್ತಾರೆ. ಅದರಲ್ಲಿ ಮದ್ಯವೂ ಇದೆ, ಮೂತ್ರಪಿಂಡ ಕೆಡಿಸುವ ದ್ರಾಕ್ಷಿಯೂ ಇದೆ. ಒಂದು ನಾಯಿ ಗೊಂಚಲು ತಿಂದೂ ಚೆನ್ನಾಗಿರಬಹುದು, ಇನ್ನೊಂದಕ್ಕೆ ಕೆಲವೇ ಹಣ್ಣು ಸಾಕು, ಒಣದ್ರಾಕ್ಷಿಯೂ ಹಾಗೆಯೇ. ನಮ್ಮ ಗುಂಡಿಗೆ ತಗಡಿನ ಮುಚ್ಚಳ ಹಾಕಿಸಿ, ಮೇಲೆ ಕಲ್ಲು ಹೇರಿದ್ದೇನೆ.

ಅತಿಥಿಗಳು ಮಡಿಕೇರಿಯಲ್ಲಿ ಕೊಂಡ ಚಾಕೊಲೇಟನ್ನು ಪ್ರೀತಿಯಿಂದಲೇ ಕೊಡುತ್ತಾರೆ. ಕಪ್ಪಾದಷ್ಟೂ ಅಪಾಯ ಹೆಚ್ಚು. ಕೋಣೆ ತೋರಿಸುವಾಗಲೇ ಇದನ್ನು ಹೇಳುತ್ತೇನೆ, ಸಕ್ಕರೆರಹಿತ ಚೂಯಿಂಗ್ ಗಮ್ ಬಗ್ಗೆ ಇನ್ನೂ ಒತ್ತಿ ಹೇಳುತ್ತೇನೆ. ಅದರಲ್ಲಿ ಸಕ್ಕರೆಯ ಬದಲು ಸಿಹಿಗೆ ಹಾಕುವ ಜೈಲಿಟಾಲ್ ಇದ್ದರೆ ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲೇ ಕುಸಿಯಬಹುದು.

ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಪಶುವೈದ್ಯರಿಗೆ ಫೋನ್ ಒಂದೇ ದಾರಿ. ಅವರು ಮೊದಲು ಕೇಳುವುದು ಏನು ತಿಂದಿತು, ಎಷ್ಟು, ಯಾವಾಗ, ನಾಯಿಯ ತೂಕವೆಷ್ಟು ಎಂದು. ಕಾಫಿ ಚೀಲ ತೂಗುವ ಯಂತ್ರದ ಮೇಲೆ ನಾಯಿಗಳನ್ನು ನಿಲ್ಲಿಸಿ, ತೂಕ ಬರೆದು ಫೋನ್ ಪಕ್ಕದಲ್ಲೇ ಅಂಟಿಸಿದ್ದೇನೆ. ವೈದ್ಯರು ಹೇಳದೆ ವಾಂತಿ ಮಾಡಿಸಬಾರದು, ಉಪ್ಪುನೀರು ಕುಡಿಸುವುದಂತೂ ಬೇಡವೇ ಬೇಡ. ಆ ಉಪ್ಪೇ ನಾಯಿಗೆ ಇನ್ನೊಂದು ವಿಷ.