ಇಫ್‌ಗಳ ಕಾಡಿನಿಂದ ಹೊರಬಂದ ಬಗೆ

ನಮ್ಮ ಬಿಲ್ಲಿಂಗ್ ಕೋಡಿನಲ್ಲಿ ಡಿಸ್ಕೌಂಟ್ ಲೆಕ್ಕ ಹಾಕುವ ಒಂದು ಪೈಥಾನ್ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಂಡು) ಇತ್ತು. ಅದನ್ನು ಮುಟ್ಟಲು ಯಾರೂ ಒಪ್ಪುತ್ತಿರಲಿಲ್ಲ. ಷರತ್ತು ನೋಡುವ ಇಫ್ ಒಳಗೆ, ಮತ್ತೆ ಮತ್ತೆ ಓಡಿಸುವ ಫಾರ್, ಅದರೊಳಗೆ ಮತ್ತೆ ಇಫ್. ಕೊನೆಗೆ ಬರುವಷ್ಟರಲ್ಲಿ ಮೊದಲ ಷರತ್ತು ಏನಿತ್ತೆಂದೇ ಮರೆತುಹೋಗುತ್ತಿತ್ತು.

ಸುಮ್ನೆ ಬೈಯುವ ಬದಲು ಅಳೆದು ನೋಡೋಣ ಅಂತ ಪೈಥಾನ್ ಕೋಡ್ ಎಷ್ಟು ಜಟಿಲ ಎಂದು ಅಳೆಯುವ ರೇಡಾನ್ ಎಂಬ ಉಚಿತ ಟೂಲ್ ಓಡಿಸಿದೆ. ಸೈಕ್ಲೋಮ್ಯಾಟಿಕ್ ಕಾಂಪ್ಲೆಕ್ಸಿಟಿ (ಕೋಡಿನ ಕವಲುಗಳ ಅಳತೆ) 34, ಗ್ರೇಡ್ ಇ; ಎ ಅತ್ಯುತ್ತಮ, ಎಫ್ ಅತಿ ಕೆಟ್ಟದ್ದು. ಈ ಅಳತೆಯನ್ನು 1976ರಲ್ಲಿ ಥಾಮಸ್ ಮೆಕೇಬ್ ಕೊಟ್ಟದ್ದು. ಲೆಕ್ಕ ಸುಲಭ: ಕೋಡ್ ಕವಲೊಡೆಯುವ ಜಾಗಗಳನ್ನು ಎಣಿಸಿ, 1 ಕೂಡಿಸಿ. 10ರ ಒಳಗಿರಲಿ ಎಂಬುದು ಅವರ ಸಲಹೆ.

ಮೊದಲು ಈಗ ಬರುತ್ತಿರುವ ಉತ್ತರಗಳನ್ನೇ ಹಿಡಿದಿಡುವ ಟೆಸ್ಟ್ ಬರೆದೆ. ಆಮೇಲೆ ಡಿಸ್ಕೌಂಟ್ ಸಿಗದ ಷರತ್ತುಗಳನ್ನೆಲ್ಲ ಮೇಲಕ್ಕೆ ತಂದು ಅಲ್ಲೇ ರಿಟರ್ನ್ ಮಾಡಿಸಿದೆ, ಅಂದರೆ ಫಂಕ್ಷನ್ ಅಲ್ಲಿಗೇ ಮುಗಿಯುವಂತೆ ಮಾಡಿದೆ. ಒಂದರೊಳಗೊಂದು ಸೇರಿ ಬಲಕ್ಕೆ ಹೋಗಿದ್ದ ಕೋಡ್ ಎಡಕ್ಕೆ ಸರಿಯಿತು, ಓದಲು ಹಗುರವಾಯಿತು. ಆದರೆ ಸಂಖ್ಯೆ? ಅಲ್ಲಾಡಲೇ ಇಲ್ಲ! ಯಾಕಂದ್ರೆ ಈ ಅಳತೆ ಕವಲುಗಳನ್ನು ಎಣಿಸುತ್ತದೆ, ಅವು ಎಷ್ಟು ಆಳದಲ್ಲಿವೆ ಅಂತ ನೋಡುವುದಿಲ್ಲ. ಆಳ ಜಾಸ್ತಿಯಾದಂತೆ ದಂಡ ಹಾಕುವುದು ಸೋನಾರ್‌ಸೋರ್ಸ್ ಕಂಪನಿಯವರ ಕಾಗ್ನಿಟಿವ್ ಕಾಂಪ್ಲೆಕ್ಸಿಟಿ ಎಂಬ ಇನ್ನೊಂದು ಅಳತೆ. ಓದುವವರ ಕಷ್ಟಕ್ಕೆ ಅದೇ ಹತ್ತಿರ, ನನ್ನ ಪ್ರಕಾರ.

ಸಂಖ್ಯೆ ಇಳಿಸಿದ್ದು ಡಿಕ್ಷನರಿ, ಅಂದರೆ ಹೆಸರು ಕೊಟ್ಟರೆ ಅದರ ಬೆಲೆ ಕೊಡುವ ಪೈಥಾನ್ ಪಟ್ಟಿ. ಗ್ರಾಹಕರ ಒಂದೊಂದು ವರ್ಗಕ್ಕೂ ಒಂದೊಂದು ಎಲಿಫ್ (ಇಫ್ ನಂತರದ ಮತ್ತೊಂದು ಷರತ್ತು) ಇತ್ತು. ಆ ಉದ್ದ ಸಾಲನ್ನು ತೆಗೆದು, ಯಾವ ವರ್ಗಕ್ಕೆ ಎಷ್ಟು ದರ ಎಂಬ ಒಂದೇ ಪಟ್ಟಿ ಮಾಡಿದೆ. ಹಬ್ಬದ ಆಫರ್ ಭಾಗ ಬೇರೆ ಫಂಕ್ಷನ್ ಆಯಿತು. ಈಗ ಮುಖ್ಯ ಫಂಕ್ಷನ್ 7ಕ್ಕೆ ನಿಂತಿದೆ. ಇನ್ನೂ ಒಡೆಯಬಹುದಿತ್ತು. ಆದರೆ ಎರಡೆರಡು ಸಾಲಿನ ಫಂಕ್ಷನ್‌ಗಳ ನಡುವೆ ಓಡಾಡುವುದೂ ತಲೆನೋವೇ ಅಲ್ವಾ?