ರೋಲರ್ ಕೋಸ್ಟರ್ ಹತ್ತುವ ಮುನ್ನ: ನಮ್ಮ ಭಾಗದಿಂದ ಹೊರಡುವವರಿಗೆ ಒಂದು ಕೈಪಿಡಿ

ಶಾಲಾ ಪ್ರವಾಸದಲ್ಲೋ ಬೇಸಿಗೆ ರಜೆಯಲ್ಲೋ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳಿಂದ ಬಿಡದಿಯ ವಂಡರ್‌ಲಾಕ್ಕೆ, ಇಲ್ಲವೇ ಪುಣೆ ದಾಟಿ ಖೋಪೋಲಿಯ ಇಮ್ಯಾಜಿಕಾ ಮನರಂಜನಾ ಪಾರ್ಕಿಗೆ ಹೋಗುವ ಮಕ್ಕಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು: ತಲೆಕೆಳಗಾದಾಗ ಬೀಳುವುದಿಲ್ಲವೇ, ನಡುದಾರಿಯಲ್ಲಿ ನಿಂತುಹೋದರೆ ಏನು ಗತಿ, ಎಲ್ಲಿ ಕುಳಿತರೆ ಒಳ್ಳೆಯದು. ಧೈರ್ಯ ಹೇಳಿದ ಮಾತ್ರಕ್ಕೆ ಈ ಅಂಜಿಕೆ ಹೋಗುವುದಿಲ್ಲ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡರೆ ಬಹಳಷ್ಟು ಹೋಗುತ್ತದೆ. ಆದ್ದರಿಂದ ಪಾಳಿಯಲ್ಲಿ ನಿಲ್ಲುವ ಮೊದಲು ಕೋಸ್ಟರ್‌ನ ಬುಡದಲ್ಲಿ ನಿಂತು, ಅದು ಒಂದು ಸುತ್ತು ಪೂರ್ತಿ ಮುಗಿಸುವುದನ್ನು ನೋಡಿರಿ.

ಈ ನೋಟಕ್ಕೆ ಸಿದ್ಧತೆಯನ್ನು ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿಯೇ ಮಾಡಿಕೊಳ್ಳಬಹುದು. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನಿಂತ ಯಾವುದೇ ಬೋಗಿಯ ಗಾಲಿಯನ್ನು ಗಮನಿಸಿದರೆ, ಅದರ ಒಳಅಂಚಿನಲ್ಲಿ ಒಂದು ಉಬ್ಬಿದ ಏಣು ಕಾಣುತ್ತದೆ. ಗಾಲಿ ಪಕ್ಕಕ್ಕೆ ಜಾರದಂತೆ ತಡೆಯುವುದು ಆ ಏಣಾದರೆ, ಮೇಲಕ್ಕೆ ಏಳದಂತೆ ತಡೆಯುವುದು ಬೋಗಿಯ ಭಾರವೊಂದೇ. ಕೋಸ್ಟರ್‌ಗೆ ಇಷ್ಟು ಸಾಲದು. ಅದರ ಪ್ರತಿ ಗಾಲಿಜೋಡಣೆಯಲ್ಲಿ ಮೂರು ಬಗೆಯ ಗಾಲಿಗಳಿರುತ್ತವೆ: ಹಳಿಯ ಮೇಲೆ ಉರುಳುತ್ತ ಭಾರ ಹೊರುವವು, ಹಳಿಯ ಮಗ್ಗುಲಿಗೆ ಒತ್ತಿಕೊಂಡು ತಿರುವಿನಲ್ಲಿ ಹಿಡಿದಿಡುವವು, ಹಳಿಯ ಅಡಿಯಲ್ಲಿ ಇದ್ದು ಬಂಡಿ ಮೇಲಕ್ಕೆ ಹಾರದಂತೆ ತಡೆಯುವವು. ಅಡಿಯ ಗಾಲಿಗೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದರು. ಹಳಿಯು ಈ ಮೂರರ ನಡುವೆ ಸಿಕ್ಕಿಕೊಂಡಿರುವುದರಿಂದ, ಬಂಡಿ ತಲೆಕೆಳಗಾಗಿ ನಿಂತೇಬಿಟ್ಟರೂ ಹಳಿಯಿಂದ ಕಳಚಿ ಬೀಳುವಂತಿಲ್ಲ. ನೀವು ನೋಡಬೇಕಾದ ಮೊದಲ ವಸ್ತು ಇದೇ. ನಿಲ್ದಾಣಕ್ಕೆ ಬಂಡಿ ನಿಧಾನವಾಗಿ ಬರುವಾಗ ಚೆನ್ನಾಗಿ ಕಾಣಿಸುತ್ತದೆ.

ಎರಡನೆಯದಾಗಿ, ಸಾಮಾನ್ಯ ಕೋಸ್ಟರ್‌ನ ಬಂಡಿಯಲ್ಲಿ ಎಂಜಿನ್ ಇರುವುದಿಲ್ಲ. ಮೋಟಾರು ನೆಲದಲ್ಲಿರುತ್ತದೆ, ಅದು ಸರಪಳಿಯಿಂದ ಬಂಡಿಯನ್ನು ಮೊದಲ ದಿಬ್ಬದ ತುದಿಗೆ ಎಳೆದು ಬಿಡುತ್ತದೆ. ಅಲ್ಲಿಂದ ಮುಂದಿನ ಓಟವೆಲ್ಲ ಆ ಎತ್ತರದಿಂದ ಬಂದದ್ದು. 30 ಮೀಟರ್ ಇಳಿದ ಬಂಡಿಗೆ ಘರ್ಷಣೆ, ಗಾಳಿಗಳ ತಡೆ ಇಲ್ಲದಿದ್ದರೆ ಗಂಟೆಗೆ ಸುಮಾರು 87 ಕಿಲೋಮೀಟರ್ ವೇಗ ಬರಬೇಕು. ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ತಾವೇ ಲೆಕ್ಕ ಹಾಕಬಹುದು: ಎತ್ತರವನ್ನು 19.6ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಸಿಗುತ್ತದೆ, ಅದನ್ನು 3.6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು. ಈ ಲೆಕ್ಕದಲ್ಲಿ ಕುಳಿತವರ ತೂಕ ಎಲ್ಲಿಯೂ ಬರುವುದಿಲ್ಲ. ದಾರಿಯುದ್ದಕ್ಕೂ ಘರ್ಷಣೆ ಮತ್ತು ಗಾಳಿ ಸ್ವಲ್ಪ ಸ್ವಲ್ಪವೇ ಶಕ್ತಿಯನ್ನು ತಿನ್ನುತ್ತವೆಯಾದ್ದರಿಂದ, ನಡುವೆ ಮತ್ತೆ ನೂಕುವ ಏರ್ಪಾಡು ಇಲ್ಲದ ಕಡೆ ಮುಂದಿನ ಯಾವ ದಿಬ್ಬವೂ ಮೊದಲನೆಯದಕ್ಕಿಂತ ಎತ್ತರ ಇರುವಂತಿಲ್ಲ. ಏರುವಾಗ ಕೇಳಿಬರುವ ಕಟಕಟ ಸದ್ದು ಅನೇಕರನ್ನು ಹೆದರಿಸುತ್ತದೆ; ವಾಸ್ತವದಲ್ಲಿ ಅದು ಬಂಡಿಯ ಅಡಿಯ ಕೊಕ್ಕೆ ಒಂದೊಂದೇ ಹಲ್ಲು ದಾಟುವ ಸದ್ದು. ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದಂತೆ ಹಿಡಿಯುವುದು ಆ ಕೊಕ್ಕೆಯೇ.

ಬಿಡದಿಯ ವಂಡರ್‌ಲಾದಲ್ಲಿರುವ ರಿಕಾಯಿಲ್ ಎಂಬ ಕೋಸ್ಟರ್ ಇದಕ್ಕಿಂತ ಸ್ವಲ್ಪ ಬೇರೆ ಬಗೆಯದು. ಅಲ್ಲಿ ಬಂಡಿಯನ್ನು ಹಿಮ್ಮುಖವಾಗಿ ಗೋಪುರಕ್ಕೆ ಎಳೆದು ಬಿಡುತ್ತಾರೆ. ಅದು ನಿಲ್ದಾಣವನ್ನು ಹಾದು, ತಲೆಕೆಳಗಾಗಿಸುವ ಸುರುಳಿಗಳನ್ನು ದಾಟಿ, ಎದುರಿನ ಗೋಪುರವನ್ನು ಏರಿ, ಅದೇ ಹಾದಿಯಲ್ಲಿ ಹಿಮ್ಮುಖವಾಗಿ ಮರಳುತ್ತದೆ.

ಸುರುಳಿಯ ಗುಟ್ಟು ತಿಳಿಯಲು ಹೊರಡುವ ಮುನ್ನ ಮನೆಯಲ್ಲೋ ತರಗತಿಯಲ್ಲೋ ಒಂದು ಪ್ರಯೋಗ ಮಾಡುವುದು ಒಳ್ಳೆಯದು. ಎ.ಸಿ. ರಿಪೇರಿ ಮಾಡುವವರ ಬಳಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಸಿಗುತ್ತದೆ. ಅದನ್ನು ಉದ್ದುದ್ದಕ್ಕೆ ಸೀಳಿದರೆ ಗೋಲಿ ಉರುಳುವ ಎರಡು ತೋಡುಗಳಾಗುತ್ತವೆ. ಒಂದು ತುದಿಯನ್ನು ಕುರ್ಚಿಯ ಬೆನ್ನಿಗೆ ಅಂಟಿಸಿ, ನಡುವೆ 20 ಸೆಂಟಿಮೀಟರ್ ಎತ್ತರದ ದುಂಡು ಸುರುಳಿ ಮಾಡಿ, ಬೇರೆ ಬೇರೆ ಎತ್ತರದಿಂದ ಗೋಲಿ ಬಿಡಿರಿ. ಗೋಲಿಯನ್ನು ಸುರುಳಿಯಷ್ಟೇ ಎತ್ತರದಿಂದ ಬಿಟ್ಟರೆ ಅದು ಸುರುಳಿ ದಾಟುವುದಿಲ್ಲ. ತಡೆಯೇ ಇಲ್ಲವೆಂದುಕೊಂಡರೂ 27 ಸೆಂಟಿಮೀಟರ್ ಬೇಕು. ಫೋಮ್ ಮೆತ್ತಗಿರುವುದರಿಂದ ಇನ್ನೂ ಸಾಕಷ್ಟು ಹೆಚ್ಚು ಬೇಕಾಗುತ್ತದೆ. ತುದಿಯಲ್ಲಿ ಗೋಲಿಗೆ ತಕ್ಕಷ್ಟು ವೇಗ ಉಳಿದಿದ್ದರೆ ಅದು ನೇರಕ್ಕೆ ಹೋಗಲು ಯತ್ನಿಸುತ್ತದೆ, ತೋಡು ಅದನ್ನು ಒಳಕ್ಕೆ ಒತ್ತಿ ಬಾಗಿಸುತ್ತದೆ. ವೇಗ ಸಾಲದಿದ್ದರೆ ಗೋಲಿ ತೋಡನ್ನು ಬಿಟ್ಟು ಉದುರುತ್ತದೆ. ಕೋಸ್ಟರ್‌ನಲ್ಲಿ ತಲೆಕೆಳಗಾದರೂ ಆಸನ ನಿಮ್ಮನ್ನು ಒತ್ತಿಕೊಂಡೇ ಇರುವಂತೆ ಅನ್ನಿಸುವುದು ಇದೇ ಕಾರಣಕ್ಕೆ.

ಆದರೆ ನಿಜವಾದ ಕೋಸ್ಟರ್‌ನ ಸುರುಳಿ ದುಂಡಾಗಿರುವುದಿಲ್ಲ, ಮೇಲ್ಭಾಗ ಕಿರಿದಾದ ಹನಿಯ ಆಕಾರದಲ್ಲಿರುತ್ತದೆ. ದುಂಡು ಸುರುಳಿಯ ತುದಿಯನ್ನು ಹೇಗೋ ದಾಟುವಷ್ಟು ವೇಗವಿದ್ದರೂ, ಬುಡದಲ್ಲಿ ದೇಹದ ಮೇಲೆ ತೂಕದ ಆರು ಪಟ್ಟು ಒತ್ತಡ ಬೀಳುತ್ತದೆ, ಅದೂ ಒಮ್ಮೆಲೇ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಕಟ್ಟಿದ ಫ್ಲಿಪ್ ಫ್ಲ್ಯಾಪ್ ರೈಲ್ವೆಯ ಸುರುಳಿ ದುಂಡಾಗಿಯೇ ಇತ್ತು. ಹತ್ತಿದವರ ಕುತ್ತಿಗೆ, ಬೆನ್ನು ನೋಯಿಸಿ ಅದು ಕೆಲವೇ ವರ್ಷಗಳಲ್ಲಿ ಮುಚ್ಚಿತು. ಲಂಬ ಸುರುಳಿಯನ್ನು ಹಿತವಾಗುವಂತೆ ಮಾಡಿದ್ದು 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಕೋಸ್ಟರ್. ಅದರ ಎಂಜಿನಿಯರ್ ಜರ್ಮನಿಯ ವೆರ್ನರ್ ಸ್ಟೆಂಗೆಲ್. ಸುರುಳಿ ಬುಡದಲ್ಲಿ ಅಗಲವಾಗಿ ಆರಂಭವಾಗಿ ಮೇಲೇರಿದಂತೆ ಬಿಗಿಯಾಗುವ ಈ ಬಾಗು ರೈಲ್ವೆಯವರಿಗೆ ಹಳೆಯದು. ನೇರ ಹಳಿಯಿಂದ ತಿರುವಿಗೆ ಹೊರಳುವಲ್ಲಿ ಪ್ರಯಾಣಿಕರಿಗೆ ಜಗ್ಗಿದಂತಾಗದಿರಲೆಂದು ಅವರು ಇಂಥದೇ ಬಾಗನ್ನು ಹಾಕುತ್ತಾರೆ.

ನಡುದಾರಿಯಲ್ಲಿ ನಿಂತರೆ ಎಂಬ ಪ್ರಶ್ನೆಯ ಉತ್ತರವೂ ರೈಲ್ವೆಯಲ್ಲಿಯೇ ಇದೆ. ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ಮಾರ್ಗವನ್ನು ಹೇಗೆ ಬ್ಲಾಕ್‌ಗಳಾಗಿ ವಿಂಗಡಿಸಿ, ಒಂದು ಬ್ಲಾಕಿನಲ್ಲಿ ಒಂದೇ ರೈಲು ಇರುವಂತೆ ನೋಡಿಕೊಳ್ಳುತ್ತಾರೋ, ಒಂದಕ್ಕಿಂತ ಹೆಚ್ಚು ಬಂಡಿ ಓಡುವ ಕೋಸ್ಟರ್‌ನಲ್ಲಿಯೂ ಹಾಗೆಯೇ. ಮುಂದಿನ ಬ್ಲಾಕು ತೆರವಾಗದಿದ್ದರೆ, ಅಥವಾ ಒಂದು ಸೆನ್ಸರ್ ಅನುಮಾನ ತೋರಿದರೂ, ಕಂಪ್ಯೂಟರು ಬಂಡಿಯನ್ನು ಏರಿನಲ್ಲೋ ಬ್ರೇಕಿರುವ ತಾಣದಲ್ಲೋ ನಿಲ್ಲಿಸುತ್ತದೆ. ಅಂಥ ಕಡೆ ಪಕ್ಕದಲ್ಲಿ ಮೆಟ್ಟಿಲುಗಳಿರುತ್ತವೆ. ಸಿಬ್ಬಂದಿ ಬಂದು ಒಬ್ಬೊಬ್ಬರನ್ನೇ ಇಳಿಸುತ್ತಾರೆ. ಅಲ್ಲಿಯವರೆಗೆ ಕುಳಿತಲ್ಲೇ ಇರಬೇಕು, ಆಸನದಲ್ಲಿ ಹಿಡಿದಿಡುವ ಸರಳನ್ನು ತಾವಾಗಿ ಬಿಡಿಸಿಕೊಳ್ಳಲು ಯತ್ನಿಸಬಾರದು. ಕರೆಂಟು ಹೋದರೂ ಸರಳುಗಳ ಬೀಗ ತೆರೆದುಕೊಳ್ಳುವುದಿಲ್ಲ. ಹಲವು ಹೊಸ ಕೋಸ್ಟರ್‌ಗಳಲ್ಲಿ ವೇಗ ತಗ್ಗಿಸುವ ಬ್ರೇಕು ಆಯಸ್ಕಾಂತದ್ದು. ಅದಕ್ಕೆ ಕರೆಂಟು ಬೇಕಾಗಿಯೇ ಇಲ್ಲ.

ಇನ್ನು ಆಸನ. ಒಂದು ಕ್ಷಣದಲ್ಲಿ ಎಲ್ಲ ಬೋಗಿಗಳ ವೇಗವೂ ಒಂದೇ, ಆದರೆ ಆ ಕ್ಷಣದಲ್ಲಿ ಅವು ಇರುವ ಜಾಗ ಬೇರೆ. ಮುಂದಿನವರು ದಿಬ್ಬದ ತುದಿಯನ್ನು ನಿಧಾನವಾಗಿ ದಾಟಿ, ಕೆಳಗಿನದನ್ನೆಲ್ಲ ನೋಡುತ್ತ ತೂಗಿ ನಿಲ್ಲುತ್ತಾರೆ. ಕೊನೆಯವರು ಅದೇ ತುದಿಗೆ ಬರುವ ಹೊತ್ತಿಗೆ ಬಂಡಿಯ ಬಹುಭಾಗ ಇಳಿಯುತ್ತಿರುವುದರಿಂದ ಅವರನ್ನು ಜೋರಾಗಿ ಸೆಳೆದೊಯ್ಯುತ್ತದೆ. ಮೊದಲ ಸಲ ಹತ್ತುವವರಿಗೆ ನಡುವಿನ ಸಾಲೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇಳಿಯುವಾಗ ಹೊಟ್ಟೆಯಲ್ಲಿ ಜುಮ್ಮೆನ್ನುವುದು ಸಹಜ: ಆಸನದ ಒತ್ತು ಕಡಿಮೆಯಾದಾಗ ಒಳಗಿನ ಅಂಗಗಳ ಮೇಲಿನ ಒತ್ತೂ ಕಡಿಮೆಯಾಗುತ್ತದೆ, ದೇಹ ಅದನ್ನು ತಕ್ಷಣ ಗುರುತಿಸುತ್ತದೆ. ತಲೆಯನ್ನು ಹಿಂದಿನ ದಿಂಬಿಗೆ ಆನಿಸಿ, ಕಣ್ಣು ತೆರೆದು ಮುಂದಿನ ಹಳಿಯನ್ನು ನೋಡುತ್ತಿರಿ. ಏನು ಬರಲಿದೆಯೆಂದು ತಿಳಿದಿದ್ದರೆ ಕುತ್ತಿಗೆ ತಾನಾಗಿ ಸಿದ್ಧವಾಗುತ್ತದೆ. ಸುರುಳಿಯ ಬುಡದಲ್ಲಿ ಕಣ್ಣು ಮಂಜಾದಂತಾದರೆ ಕಾಲು, ಹೊಟ್ಟೆ ಬಿಗಿಹಿಡಿಯಿರಿ, ಉಸಿರು ಕಟ್ಟಬೇಡಿರಿ.

ತೊಡೆಯ ಮೇಲೆ ಬರುವ ಸರಳು ಹೊಟ್ಟೆಯ ಮೇಲಲ್ಲ, ಸೊಂಟದ ಕೆಳಗೆ ತೊಡೆಗೆ ತಾಗಿ ಕೂರಬೇಕು. ಕಿಸೆಯಲ್ಲಿ ಮೊಬೈಲು, ಕೀಲಿ ಇದ್ದರೆ ಅದು ಸರಿಯಾಗಿ ಕೂರುವುದಿಲ್ಲ. ದುಪಟ್ಟಾವನ್ನು ಕೆಳಗೇ ಬಿಟ್ಟು ಹೋಗಬೇಕು, ಉದ್ದ ಕೂದಲನ್ನು ಗಂಟು ಕಟ್ಟಬೇಕು. ಈ ಮಾತು ಊರ ಜಾತ್ರೆಯ ತೊಟ್ಟಿಲಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಇಮ್ಯಾಜಿಕಾದ ನೈಟ್ರೋ ಎಂಬ ಕೋಸ್ಟರ್‌ನಲ್ಲಿ ಕಾಲ ಕೆಳಗೆ ತಳವೇ ಇರುವುದಿಲ್ಲವಾದ್ದರಿಂದ ಅಲ್ಲಿ ಚಪ್ಪಲಿಯನ್ನೂ ಬಿಡಬೇಕಾಗುತ್ತದೆ. ಎತ್ತರದ ಗೆರೆ ಮುಟ್ಟದ ಮಗುವಿಗಾಗಿ ಸಿಬ್ಬಂದಿಯೊಡನೆ ದಯವಿಟ್ಟು ವಾದಿಸಬೇಡಿರಿ. ಸರಳು ಹಿಡಿದಿಡುವುದು ದೇಹದ ಅಳತೆಯನ್ನು ನಂಬಿ, ಮಗುವಿನ ಧೈರ್ಯವನ್ನಲ್ಲ. ಗರ್ಭಿಣಿಯರು, ಹೃದಯದ ತೊಂದರೆ, ರಕ್ತದೊತ್ತಡ, ಮೂರ್ಛೆರೋಗ, ಕುತ್ತಿಗೆ ಅಥವಾ ಬೆನ್ನಿನ ನೋವು ಇರುವವರು, ಈಚೆಗೆ ಆಪರೇಶನ್ ಆದವರು ಹತ್ತಲೇಬಾರದು.

ಊಟ ಮಾಡಿದ ಕೂಡಲೇ ಹತ್ತಬೇಡಿರಿ, ಬರೀ ಹೊಟ್ಟೆಯಲ್ಲಿಯೂ ಬೇಡ. ಒಂದೆರಡು ಇಡ್ಲಿ ತಿಂದು ಒಂದು ತಾಸು ಬಿಟ್ಟರೆ ಸಾಕು. ಇಳಿದ ಮೇಲೆ ತಲೆ ಸುತ್ತಿದರೆ ನೆರಳಿನಲ್ಲಿ ಕುಳಿತು ದೂರದ ಅಲುಗದ ವಸ್ತುವೊಂದನ್ನು ನೋಡಿರಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ. ಮಂದಿ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ ಒಮ್ಮೆ ಹತ್ತಿ, ಮಧ್ಯಾಹ್ನ ಮತ್ತೊಮ್ಮೆ ಹತ್ತಿದರೆ ಬಂಡಿ ತುಸು ಚುರುಕಾಗಿರುವುದು ಅನುಭವಕ್ಕೆ ಬರಬಹುದು. ಬಿಸಿಲೇರಿದಂತೆ ಬೇರಿಂಗಿನ ಗ್ರೀಸು ತೆಳುವಾಗಿ ಗಾಲಿಗಳು ಹಗುರವಾಗಿ ಉರುಳುತ್ತವೆ.